ಓದುಗರ ಪ್ರಶ್ನೆ: ಸುರಂಗ ಕೊರೆದವರಿದ್ದಾರೆ, ಜಗತ್ತನ್ನು?

ಪ್ರಶ್ನೆ: ನಮ್ಮ ತೋಟದ ಗುಡ್ಡದಲ್ಲಿ ಅಜ್ಜನ ಕಾಲದ ನೀರಿನ ಸುರಂಗ ಇದೆ. ಅದನ್ನು ಮಳೆಯೇ ಕೊರೆದದ್ದು ಅಂತ ಯಾರೂ ಹೇಳುವುದಿಲ್ಲ. ಆದರೆ ಕಣ್ಣಿನಂಥದ್ದು ಸುಮ್ನೆ ಆಯಿತು, ದೇವರು ಬೇಕಿಲ್ಲ ಅಂತ ಕಾಲೇಜಿಗೆ ಹೋಗುವ ಮಗನ ವಾದ. ಏನು ಹೇಳಲಿ? (ಪೆರ್ಲದಿಂದ ಒಬ್ಬ ಓದುಗರು)

ಉತ್ತರ: ಮೊದಲು ಮಗನಿಗೆ ಹೇಳಿ, 'ಸುಮ್ನೆ ಆಯಿತು' ಅಂತ ಡಾರ್ವಿನ್ ಹೇಳಲೇ ಇಲ್ಲ. ಮರಿಗಳಲ್ಲಿ ಚೂರುಪಾರು ವ್ಯತ್ಯಾಸ ಬರುವುದು ಆಕಸ್ಮಿಕ, ಸರಿ. ಆದರೆ ಯಾವುದು ಬದುಕಿ ಮರಿ ಮಾಡುತ್ತದೆ ಅನ್ನುವುದು ಆಕಸ್ಮಿಕ ಅಲ್ಲ. ಕಣ್ಣು ಮೆಲ್ಲಮೆಲ್ಲನೆ ಆದ ದಾರಿಯ ನಡುವಿನ ಮೆಟ್ಟಿಲುಗಳಂಥವು ಇವತ್ತಿಗೂ ಜೀವಂತ ಇವೆ: ಕೆಲವು ಚಪ್ಪಟೆ ಹುಳಗಳಿಗೆ ಬೆಳಕು ಯಾವ ಕಡೆಯಿಂದ ಅಂತ ತಿಳಿಸುವ ಬರೀ ಒಂದು ಗುಳಿ, ಸಮುದ್ರದ ನಾಟಿಲಸ್‌ಗೆ ಮಸೂರವೇ ಇಲ್ಲದ ಸೂಜಿರಂಧ್ರದ ಕಣ್ಣು.

ಇನ್ನು ನಿಮ್ಮ ವಾದ, ಸುರಂಗಕ್ಕೆ ಕೊರೆದವರಿರುವ ಹಾಗೆ ಜಗತ್ತಿಗೂ ಮಾಡಿದವನಿರಬೇಕು ಅನ್ನುವುದು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಬರೆದದ್ದೂ ಇದನ್ನೇ, ಸುರಂಗದ ಜಾಗದಲ್ಲಿ ಅವನದು ಗಡಿಯಾರ. ತಮಾಷೆ ಅಂದರೆ ಉತ್ತರ ಅದಕ್ಕೂ ಮೊದಲೇ, 1779ರಲ್ಲಿ, ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೀರಿಕೊಂಡ ಮೇಲೆ ಅಚ್ಚಾದ ಅವನ ಪುಸ್ತಕದಲ್ಲಿ ಬಂದಾಗಿತ್ತು. ಅವನ ಮಾತನ್ನು ನಿಮ್ಮ ಗುಡ್ಡಕ್ಕೆ ತಂದರೆ ಹೀಗೆ: ಸುರಂಗ ನೋಡಿ ಕೊರೆದವರಿದ್ದಾರೆ ಅನ್ನುತ್ತೀರಿ, ಯಾಕೆಂದರೆ ಹಾರೆ ಪಿಕ್ಕಾಸು ಹಿಡಿದು ಮುರಕಲ್ಲು ಕೊರೆಯುವವರನ್ನು ನೀವೋ ನಿಮ್ಮ ಹಿರಿಯರೋ ಕಂಡಿದ್ದೀರಿ. ಜಗತ್ತು ತಯಾರಾಗುವುದನ್ನು ಯಾರು ಕಂಡಿದ್ದಾರೆ? ಅದೂ ಅಲ್ಲದೆ ಕೊರೆದವನು ಒಬ್ಬನೇ ಅಂತ ಹೇಗೆ ಗೊತ್ತು? ಅವನು ಪಳಗಿದವನೋ, ಕಲಿಯುತ್ತಿದ್ದ ಹುಡುಗನೋ?

ನಮ್ಮಲ್ಲಿ ಈ ಜಗಳ ಇನ್ನೂ ಹಳೆಯದು. ಮಡಕೆಗೆ ಕುಂಬಾರ ಇರುವ ಹಾಗೆ ಜಗತ್ತಿಗೂ ಕರ್ತ ಇರಲೇಬೇಕು ಅಂತ ಸುಮಾರು ಸಾವಿರ ವರ್ಷದ ಹಿಂದೆ ನ್ಯಾಯ ದರ್ಶನದ ಪಂಡಿತ ಉದಯನಾಚಾರ್ಯರು ನ್ಯಾಯಕುಸುಮಾಂಜಲಿ ಅನ್ನುವ ಗ್ರಂಥದಲ್ಲಿ ವಾದಿಸಿದರು. ಬೌದ್ಧರು, ಜೈನರು ಒಪ್ಪಲಿಲ್ಲ, ಅದು ಇರಲಿ. ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ರಾಮಾನುಜರೇ ಒಪ್ಪಲಿಲ್ಲ! ಜಗತ್ತಿನ ಎಲ್ಲ ಭಾಗವನ್ನೂ ಒಂದೇ ಹೊತ್ತಿಗೆ ಒಬ್ಬನೇ ಮಾಡಿದ ಅಂತ ಹೇಗೆ ಹೇಳುತ್ತೀರಿ, ನಾವು ಕಂಡ ಕರ್ತರಿಗೆಲ್ಲ ಮೈ ಇದೆಯಲ್ಲ, ಅಂತ ಕೇಳಿದರು. ಹ್ಯೂಮ್‌ಗಿಂತ ಎಷ್ಟೋ ಶತಮಾನ ಮೊದಲು. ಮಧ್ವರ ನಿಲುವೂ ಅದೇ, ದೇವರು ತಿಳಿಯುವುದು ವೇದದಿಂದ, ಊಹೆಯಿಂದಲ್ಲ. ಆಮೇಲೆ ತಮ್ಮ ಶಿಷ್ಯರಾದ ತ್ರಿವಿಕ್ರಮ ಪಂಡಿತರ ಜತೆ ಅವರು ದಿನಗಟ್ಟಲೆ ವಾದ ಮಾಡಿದ್ದು ನಿಮ್ಮ ಕುಂಬಳೆ ಸೀಮೆಯಲ್ಲೇ ಅಂತ ಮಾಧ್ವರು ಹೇಳುತ್ತಾರೆ. ಹಾಗಾಗಿ ಈ ವಾದ ಬಿದ್ದರೆ ದೇವರೂ ಬಿದ್ದ ಅಂತ ಮಗ ಕುಣಿಯಬೇಕಿಲ್ಲ, ನೀವು ಹೆದರಬೇಕಿಲ್ಲ. ಪುರಾವೆ ಅಂತ ಮಾತ್ರ ಇದು ನಿಲ್ಲುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ನನಗೆ ಜಾಸ್ತಿ ಕಷ್ಟ ಅನಿಸುವುದು ಬೇರೆ. ಅಡಿಕೆಯ ಕೊಳೆರೋಗ ತಗೊಳ್ಳಿ. ಅದನ್ನು ತರುವ ಫೈಟೋಫ್ತೋರಾ ಅನ್ನುವ ಸೂಕ್ಷ್ಮಜೀವಿಯ ಕಣಗಳಿಗೆ ನೀರಲ್ಲಿ ಈಜಲು ಎರಡು ಬಾಲ ಉಂಟು, ಆಟಿಯ ಮಳೆಗೆ ಗೊನೆ ಒದ್ದೆಯಾದರೆ ಸಾಕು. ಎಂಥ ಚೆಂದದ ರಚನೆ! ಅಡಿಕೆಯನ್ನು ಯೋಜಿಸಿದವನು ಇದನ್ನೂ ಯೋಜಿಸಿದ ಅಂತಾಯ್ತಲ್ವಾ? (ಹಾಗಾದರೆ ನಾವು ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವುದು ಯಾರ ವಿರುದ್ಧ?) ಜೀವಂತ ಕಂಬಳಿಹುಳದೊಳಗೆ ಕೂತು ಅದನ್ನು ತಿನ್ನುವ ಕಣಜದ ಮರಿಗಳನ್ನು ದಯಾಳು ದೇವರು ಬೇಕೆಂದೇ ಮಾಡಿದ ಅಂತ ನಂಬಲು ತನ್ನಿಂದ ಆಗದು ಅಂತ ಡಾರ್ವಿನ್ 1860ರಲ್ಲಿ ಗೆಳೆಯ, ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ. ಆ ಗ್ರೇ ದೈವಭಕ್ತ, ಡಾರ್ವಿನ್ ಸಿದ್ಧಾಂತವನ್ನು ಅಮೆರಿಕದಲ್ಲಿ ಎತ್ತಿ ಹಿಡಿದವನೂ ಅವನೇ. ಮಗನಿಗೆ ಇದನ್ನೂ ಹೇಳಿ.

ಪ್ರಶ್ನೆ: ಗುರುತ್ವದಂಥ ಅಂಕಿಗಳು ಸ್ವಲ್ಪ ಆಚೀಚೆ ಆಗಿದ್ದರೂ ನಕ್ಷತ್ರಗಳೇ ಇರುತ್ತಿರಲಿಲ್ಲವಂತೆ. ಅದಕ್ಕೆ ಡಾರ್ವಿನ್ ಉತ್ತರ ಇದೆಯೇ? (ಮಂಜೇಶ್ವರದಿಂದ)

ಉತ್ತರ: ಇಲ್ಲ. ಅಲ್ಲಿ ಮರಿಗಳೂ ಇಲ್ಲ, ಆಯ್ಕೆಯೂ ಇಲ್ಲ. ಇವತ್ತು ಈ ವಾದದ ಗಟ್ಟಿ ರೂಪ ಅದೇ. ವಿಶ್ವಗಳು ಹಲವು ಇರಬಹುದು ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ, ಅದನ್ನೂ ಯಾರೂ ಕಂಡಿಲ್ಲ. ಆದರೆ ಆ ಅಂಕಿಗಳು ಬೇರೆ ಆಗಲು ಸಾಧ್ಯವಿತ್ತೇ ಅನ್ನುವುದೇ ಇನ್ನೂ ಇತ್ಯರ್ಥ ಆಗಿಲ್ಲ.