ಪಕ್ಕವಾದ್ಯದವರು ಮುಂದಿನ ಸಾಲಿಗೆ ಬಂದಾಗ

ಓದುಗರ ಪತ್ರ: ಮಾನ್ಯ ಸಂಪಾದಕರೇ, ತಬಲಾದ ಜಾಕಿರ್ ಹುಸೇನ್ ಬಗ್ಗೆ ಬರೆಯುತ್ತಾ ನೀವು ಅವರಿದ್ದ ‘ಶಕ್ತಿ’ ತಂಡವನ್ನು ಬಾಯ್ತುಂಬ ಹೊಗಳಿದ್ದೀರಿ. ಓದಿ ಹಳೇ ಗಾಯ ಕೆದರಿದಂತಾಯಿತು. 1977ರಲ್ಲಿ ನಾವು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಆರು ಜನ ಗೆಳೆಯರು. ಗಿಟಾರಿನ ಜಾನ್ ಮೆಕ್ಲಾಫ್ಲಿನ್ ಎಂದರೆ ನಮಗೆ ಪ್ರಾಣ. ಅವರ ಜಾಝ್-ರಾಕ್ ತಂಡ ಮಹಾವಿಷ್ಣು ಆರ್ಕೆಸ್ಟ್ರಾದ ರೆಕಾರ್ಡ್ ಹಾಕಿದರೆ ವಾರ್ಡನ್ ಓಡಿ ಬರುತ್ತಿದ್ದರು. ಅವರೇ ಜಾಕಿರ್ ಜೊತೆ ನುಡಿಸಿದ ಶಕ್ತಿಯ ಮೊದಲ ರೆಕಾರ್ಡನ್ನು ದುಡ್ಡು ಕೂಡಿಸಿ ತರಿಸಿದೆವು. ಸೂಜಿ ಇಟ್ಟರೆ ಕರೆಂಟ್ ಗಿಟಾರೇ ಇಲ್ಲ! ಪಿಟೀಲು, ತಬಲಾ, ಮೃದಂಗ, ಘಟ. ಮೂವರಿಗೆ ಮೋಸ ಅನ್ನಿಸಿತು, ಮೂವರಿಗೆ ಹುಚ್ಚು ಹಿಡಿಯಿತು. ಕೊನೆಗೆ ರೆಕಾರ್ಡನ್ನು ಅರ್ಧ ಬೆಲೆಗೆ ಮಾರಿದೆವು. ಇವತ್ತಿಗೂ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದೇ ಜಗಳ. ಮುಖ್ಯ ಕೆಲಸ ಬಿಟ್ಟು ಪಕ್ಕದ ಕೆಲಸಕ್ಕೆ ಹೊರಟ ಕಲಾವಿದನನ್ನು ಅಭಿಮಾನಿ ಪ್ರಶ್ನಿಸಬಾರದೇ?
— ನಿವೃತ್ತ ಎಂಜಿನಿಯರ್, ದಾವಣಗೆರೆ

ಸಂಪಾದಕರ ಉತ್ತರ:

ಪ್ರಶ್ನಿಸಿ ಸ್ವಾಮಿ, ಯಾರು ಬೇಡ ಅಂದರು? ದುಡ್ಡು ಕೊಟ್ಟವರು ನೀವು. ಅದೂ ಹಾಸ್ಟೆಲ್ ಹುಡುಗರ ದುಡ್ಡು. ಕವರಿನ ಮೇಲೆ ಮೆಕ್ಲಾಫ್ಲಿನ್ ಹೆಸರನ್ನೂ ಹಾಕಿದ್ದರು, ಆ ಹೆಸರು ನೋಡಿಯೇ ನೀವು ಕೊಂಡಿರಿ. ಸಿಡಿಲು ಬೇಕಿದ್ದವರಿಗೆ ಸೋನೆ ಮಳೆ ಸಿಕ್ಕಿದರೆ ಬೇಜಾರಾಗುತ್ತದೆ. ಒಪ್ಪಿದೆ. ನಿಮ್ಮ ಪಕ್ಷಕ್ಕೆ ನಾನು ಕೊಡಬಹುದಾದ್ದು ಇಷ್ಟೇ. ಇನ್ನು ಮುಂದೆ ನನ್ನ ಸರದಿ.

ಮೊದಲು ಒಂದು ಲೆಕ್ಕ ಸರಿಮಾಡೋಣ. ಶಕ್ತಿ ಬಂದು ಮಹಾವಿಷ್ಣುವನ್ನು ನುಂಗಿತು ಎಂಬ ದನಿ ನಿಮ್ಮ ಪತ್ರದಲ್ಲಿದೆ. ನೀವು ಆರಾಧಿಸಿದ ಆ ಐದು ಜನರ ಮಹಾವಿಷ್ಣು ಇತ್ತಲ್ಲ, ಬಿಲ್ಲಿ ಕಾಬಮ್ ಡ್ರಮ್ಸ್, ಯಾನ್ ಹ್ಯಾಮರ್ ಕೀಬೋರ್ಡ್, ಅದು 1973ರ ಕೊನೆಗೇ ಒಡೆದ ಮನೆ. ಅಣ್ಣತಮ್ಮಂದಿರಿಗೆ ಮಾತುಕತೆ ನಿಂತಿತ್ತು. ಅದೇ ಹೆಸರಿನಲ್ಲಿ ಆಮೇಲೆ ಬೇರೆ ಜನರ ತಂಡ ನಡೆಯಿತು. ಶಕ್ತಿಯ ಆ ಮೊದಲ ರೆಕಾರ್ಡ್ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡಿನ ಕಾಲೇಜೊಂದರಲ್ಲಿ 1975ರ ಜುಲೈ 5ರಂದು ನಡೆದ ಕಛೇರಿಯದು. ಮಾರುಕಟ್ಟೆಗೆ ಬಂದಿದ್ದು ಮರುವರ್ಷ. ಆ ಕಛೇರಿ ನಡೆದಾಗ ಎರಡನೇ ಮಹಾವಿಷ್ಣು ಇನ್ನೂ ಬಾಗಿಲು ಹಾಕಿರಲಿಲ್ಲ. ಹಾಗಾಗಿ ‘ಪಕ್ಕದ ಕೆಲಸ’ ಎಂದು ನೀವು ಕರೆದದ್ದು ಲೆಕ್ಕಕ್ಕೆ ತಪ್ಪೇನಲ್ಲ. ಆದರೆ ಯಾರ ಪಕ್ಕ? ಅಲ್ಲೇ ನನ್ನ ತಕರಾರು ಇರೋದು.

ನಮ್ಮಲ್ಲಿ ಪಕ್ಕವಾದ್ಯ ಅಂತ ಒಂದು ಮಾತಿದೆ, ಮುಖ್ಯ ಕಲಾವಿದರಿಗೆ ಜೊತೆ ಕೊಡುವ ವಾದ್ಯ. ಅದಕ್ಕೂ ಕೆಳಗೆ ಉಪಪಕ್ಕವಾದ್ಯ ಅಂತ ಇನ್ನೊಂದು. ಘಟ, ಖಂಜಿರ, ಮೋರ್ಸಿಂಗ್ ಆ ಲೆಕ್ಕದವು. ಕಛೇರಿಯಲ್ಲಿ ಘಟದವರು ಎಲ್ಲಿ ಕೂರುತ್ತಾರೆ ನೋಡಿದ್ದೀರಾ? ಹಿಂದೆ, ತಂಬೂರಿಯವರ ಹತ್ತಿರ. ಮುಂದಿನ ಸಾಲಿನ ಭುಜಗಳ ನಡುವೆ ಅವರ ಮುಖ ಅರ್ಧ ಕಾಣುತ್ತದೆ. ಮೃದಂಗದವರು ಕಣ್ಣು ಹಾಯಿಸಿದರೆ ನುಡಿಸಬೇಕು, ಇಲ್ಲದಿದ್ದರೆ ಕೈಕಟ್ಟಿ ತಲೆದೂಗಬೇಕು. ತಾಳವಾದ್ಯದವರಿಗೇ ಬಿಟ್ಟುಕೊಡುವ ತನಿ ಆವರ್ತನದಲ್ಲಿ ನಾಲ್ಕು ನಿಮಿಷ ಸಿಕ್ಕಿದರೆ ಅವತ್ತು ಹಬ್ಬ. ಆ ಹೊತ್ತಿಗೆ ಸರಿಯಾಗಿ ಅರ್ಧ ಸಭೆ ಕಾಫಿಗೆ ಎದ್ದು ಹೋಗಿರುತ್ತದೆ.

ಶಕ್ತಿಯಲ್ಲಿ ಘಟ ನುಡಿಸಿದ ವಿಕ್ಕು ವಿನಾಯಕರಾಂ ಆ ಜಾಗದಿಂದ ಬಂದವರು. 1966ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ವಿಶ್ವಸಂಸ್ಥೆಯಲ್ಲಿ ಹಾಡಿದ್ದನ್ನು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಅವತ್ತು ಹಿಂದೆ ಕೂತು ಘಟ ನುಡಿಸಿದ್ದು ಇವರೇ. ಎಷ್ಟು ಜನಕ್ಕೆ ಗೊತ್ತು? ಈಗ ಶಕ್ತಿಯ ಬೇರೆಯವರನ್ನು ನೋಡಿ. ಜಾಕಿರ್ ಅವರದು ತಬಲಾ, ಅಂದರೆ ಸಾಥ್ ಕೊಡುವ ವಾದ್ಯ. ಸಿತಾರಿನವರ ನೆರಳಿನಲ್ಲಿದ್ದ ತಬಲಾವನ್ನು ಜನ ಕಿವಿಗೊಟ್ಟು ಕೇಳುವಂತೆ ಮಾಡಲು ಅವರ ತಂದೆ ಅಲ್ಲಾರಖಾ ಜೀವಮಾನ ಸವೆಸಿದರು. ಎಲ್. ಶಂಕರ್ ಪಿಟೀಲು. ಕರ್ನಾಟಕ ಸಂಗೀತದಲ್ಲಿ ಪಿಟೀಲು ಹಾಡುವವರ ಹಿಂದೆ ನಡೆಯಬೇಕಾದ ವಾದ್ಯ. ರಾಮನಾಡು ರಾಘವನ್ ಮೃದಂಗ, ಕೇಳಲೇಬೇಡಿ. ನಾಲ್ಕಕ್ಕೆ ನಾಲ್ಕೂ ಪಕ್ಕವಾದ್ಯ! ಐದನೆಯವನು, ಅಂದರೆ ನಿಮ್ಮ ಮೆಕ್ಲಾಫ್ಲಿನ್, ಒಬ್ಬನೇ ಮುಖ್ಯ ಆಸಾಮಿ. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿ ಹೆಸರು ಮಾಡಿದವನು, ಕ್ರೀಡಾಂಗಣ ನಡುಗಿಸಿದವನು. ಅವನು ಆಂಪ್ಲಿಫೈಯರ್ ಆರಿಸಿ ಬಂದು ಇವರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ನಿಮಗೆ ಅದು ಗಿಟಾರಿನವನು ಕೆಳಗಿಳಿದ ಹಾಗೆ ಕಂಡಿತು. ಘಟ ಮೇಲೆ ಬಂದಿದ್ದು ಕಾಣಲಿಲ್ಲ.

ಸುಮ್ನೆ ಬಂದು ಕೂತವನಲ್ಲ ಅವನು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಹತ್ತಿರ ವೀಣೆಯ ಪಾಠ ಕಲಿತ. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ನಿಂತಿರುತ್ತವಲ್ಲ, ಅದಕ್ಕೇ ತಂತಿಯನ್ನು ಎಳೆದು ಗಮಕ, ಅಂದರೆ ಸ್ವರದ ಬಳುಕು, ತೆಗೆಯಬಹುದು. ಗಿಟಾರಿನಲ್ಲಿ ಬೆರಳಿನ ಕೆಳಗೆ ಮರ ತಗಲುತ್ತದೆ. ಏನು ಮಾಡಿದರು ಗೊತ್ತಾ? ಏಬ್ ವೆಕ್ಟರ್ ಎಂಬ ಕುಶಲಕರ್ಮಿಯ ಕೈಯಲ್ಲಿ ಹೊಸ ಗಿಟಾರ್ ಮಾಡಿಸಿದರು. ಒಂದೊಂದು ಮೆಟ್ಟಿಲಿನ ನಡುವೆಯೂ ಮರವನ್ನು ದೋಣಿಯ ಹಾಗೆ ಕೆರೆದು ತಗ್ಗು ಮಾಡಲಾಯಿತು. ಮಾಮೂಲಿ ಆರು ತಂತಿಗಳ ಕೆಳಗೆ ಓರೆಯಾಗಿ ಇನ್ನೂ ಏಳು ತಂತಿ, ಸಿತಾರಿನ ತರಬಿನಂತೆ ತಾವಾಗಿಯೇ ಮಿಡಿಯಲಿಕ್ಕೆ. ಬಿಡುವಿನ ಕಸುಬಿಗೆ ಯಾರಾದರೂ ಹೊಸ ವಾದ್ಯವನ್ನೇ ಕಟ್ಟಿಸುತ್ತಾರಾ? ನೀವು ಎಂಜಿನಿಯರು. ಕೆಲಸ ಎಷ್ಟು ಗಂಭೀರ ಅನ್ನೋದು ಹತಾರ ನೋಡಿದರೆ ತಿಳಿಯಬೇಕಲ್ಲವೇ?

ನಮ್ಮ ಮೈಸೂರಿನ ಚೌಡಯ್ಯನವರನ್ನೇ ನೆನೆಸಿಕೊಳ್ಳಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಮೈಕು ಇಲ್ಲದ ಕಾಲ. ದೊಡ್ಡ ಸಭೆಗಳಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಬಿಗಿದರು. ಮೂಗು ಮುರಿದವರು ಇದ್ದರು. ಪಕ್ಕವಾದ್ಯದವನಿಗೆ ಇಷ್ಟು ಸದ್ದು ಯಾಕೆ ಅಂತ. ಈಗ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಕಟ್ಟಡವೇ ಅವರ ಹೆಸರಿನಲ್ಲಿ ನಿಂತಿದೆ. ಮೂಗು ಮುರಿದವರ ಹೆಸರು ನನಗಂತೂ ತಿಳಿಯದು.

ಅಭಿಮಾನಿಗಳ ಹಕ್ಕಿನ ವಿಷಯಕ್ಕೆ ಬರೋಣ. 1980ರ ಆಸುಪಾಸು, ಒಂದು ಊರಿನ ಸಂಗೀತೋತ್ಸವದಲ್ಲಿ ನಾನು ಸ್ವಯಂಸೇವಕ. ಎದೆಗೆ ಬ್ಯಾಡ್ಜು, ಕೈಯಲ್ಲಿ ಸ್ಟೀಲ್ ತಟ್ಟೆ. ಸಭಿಕರು ಕೊಡುವ ಚೀಟಿಗಳನ್ನು ವೇದಿಕೆಗೆ ಮುಟ್ಟಿಸುವುದು ಕೆಲಸ. ಹಾಡುತ್ತಿದ್ದವರು ದೊಡ್ಡ ಗಾಯಕರು. ಅವತ್ತು ಅಪರೂಪದ ರಾಗವೊಂದನ್ನು ಕೈಗೆತ್ತಿಕೊಂಡಿದ್ದರು. ಅದಿನ್ನೂ ಕಣ್ಣು ಬಿಡುತ್ತಿತ್ತು, ಅಷ್ಟರಲ್ಲೇ ಚೀಟಿಗಳು ಶುರು. ನಾನು ಬಗ್ಗಿ ಬಗ್ಗಿ ಹೋಗಿ ಇಟ್ಟುಬಂದೆ. ಅವರು ಒಂದೊಂದನ್ನೂ ಬಿಡಿಸಿ ನೋಡಿ, ಮಡಚಿ, ಬಿಸಿನೀರಿನ ಫ್ಲಾಸ್ಕಿನ ಕೆಳಗೆ ಸಿಕ್ಕಿಸುತ್ತಿದ್ದರು. ಆರನೆಯದೋ ಏಳನೆಯದೋ ಚೀಟಿಗೆ ರಾಗ ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡು ಜನ ಕೇಳಿದ ದೇವರನಾಮ ಎತ್ತಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಜಮಖಾನೆ ಮಡಚುವಾಗ ಫ್ಲಾಸ್ಕಿನ ಕೆಳಗಿನ ಚೀಟಿಗಳನ್ನು ತೆಗೆದು ನೋಡಿದೆ. ಒಟ್ಟು ಹನ್ನೊಂದು, ಎಲ್ಲದರಲ್ಲೂ ಅದೇ ಹಾಡು. ಎರಡರಲ್ಲಿ ‘ದಯವಿಟ್ಟು ಬೇಗ, ಕೊನೇ ಬಸ್ಸಿದೆ’ ಅಂತ ಬೇರೆ. ಆ ರಾಗ ಎಲ್ಲಿಗೆ ಹೋಗುತ್ತಿತ್ತೋ! ತಟ್ಟೆ ಹಿಡಿದವನು ನಾನೇ ಆದ್ದರಿಂದ ಪಾಪದಲ್ಲಿ ನನಗೂ ಪಾಲಿದೆ.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರವೂ ಅಂಥದ್ದೇ ಒಂದು ಚೀಟಿ. ನಲವತ್ತೆಂಟು ವರ್ಷ ತಡವಾಗಿ ಬಂದಿದೆ ಅಷ್ಟೇ.

ಪತ್ರಿಕೆಯವರ ಪಾಡೂ ಬೇರೆಯಲ್ಲ. ನಮ್ಮ ಹಾಸ್ಯ ಅಂಕಣಕಾರರೊಬ್ಬರು ಒಮ್ಮೆ ತಮ್ಮ ತಾಯಿಯ ಕೊನೆಯ ದಿನಗಳ ಬಗ್ಗೆ ಬರೆದರು. ನಾನು ಕಂಡ ಒಳ್ಳೆಯ ಗದ್ಯದಲ್ಲಿ ಅದೂ ಒಂದು. ಮೂವರು ಓದುಗರು ಅತ್ತೆವು ಎಂದು ಬರೆದರು. ಉಳಿದವರು? ‘ಈ ವಾರ ಎಲ್ಲಿ ನಗಬೇಕೋ ತಿಳಿಯಲಿಲ್ಲ’ ಅಂತ ಒಬ್ಬರು ಕಾರ್ಡು ಹಾಕಿದರು. ಅಂಕಣಕಾರರಿಗೆ ಅದನ್ನು ತೋರಿಸಬಾರದಿತ್ತು, ತೋರಿಸಿದೆ. ಮುಂದಿನ ವಾರ ಹೆಂಡತಿ ಮತ್ತು ಉಪ್ಪಿಟ್ಟಿನ ಬಗ್ಗೆ ಬರೆದು ಕಳಿಸಿದರು. ಮತ್ತೆಂದೂ ಆ ಕಡೆ ಹೊರಳಲಿಲ್ಲ.

ಕಲಾವಿದರ ಹಣೆಗೆ ಒಮ್ಮೆ ಅಂಟಿಸಿದ ಚೀಟಿಯನ್ನು ಕೀಳಲು ನಮಗೆ ಮನಸ್ಸೇ ಬರುವುದಿಲ್ಲ. ಇವರು ಭಾವಗೀತೆಯವರು, ಅವರು ಸಿನಿಮಾದವರು, ಇನ್ನೊಬ್ಬರು ಜಾನಪದ. ಟಿವಿಯ ಹಾಡಿನ ಸ್ಪರ್ಧೆ ನೋಡಿ, ಹತ್ತು ವರ್ಷದ ಮಗುವಿಗೂ ‘ನಿನ್ನ ಶೈಲಿ ಇದಲ್ಲ ಪುಟ್ಟಾ’ ಅನ್ನುತ್ತಾರೆ. ಶೈಲಿ ಬರುವುದಕ್ಕೆ ಮೊದಲು ಹಾಲುಹಲ್ಲಾದರೂ ಬೀಳಲಿ ಬಿಡಿ! ಫೋನಿನಲ್ಲಿ ಹಾಡು ಹುಡುಕಿದರೂ ಇದೇ ಕತೆ. ಒಂದು ದಿನ ಮಲ್ಲಿಕಾರ್ಜುನ ಮನ್ಸೂರರ ವಚನ ಕೇಳಿದ್ದಕ್ಕೆ ಆ ಯಂತ್ರ ನನ್ನನ್ನು ಭಕ್ತನೆಂದು ತೀರ್ಮಾನಿಸಿ ಇವತ್ತಿಗೂ ಸುಪ್ರಭಾತ ಕಳಿಸುತ್ತಿದೆ. ಅಂದಹಾಗೆ, ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಲಿ ಘರಾಣೆಯ ಖಯಾಲ್ ಗಾಯಕರು ಮನ್ಸೂರರು. ಕಷ್ಟದ ರಾಗಗಳನ್ನು ಲೀಲೆಯಂತೆ ಹಾಡಿದವರು. ಆದರೆ ಕನ್ನಡದ ಎಷ್ಟೋ ಮನೆಗಳಲ್ಲಿ ಅವರೆಂದರೆ ಅಕ್ಕನ ವಚನ. ಖಯಾಲಿನವರಿಗೆ ವಚನ ಪಕ್ಕದ ದಾರಿ, ನನ್ನ ಅಜ್ಜಿಗೆ ಅದೇ ಹೆದ್ದಾರಿ. ಅಜ್ಜಿಗೆ ಹೋಗಿ ‘ಇದು ಅವರ ಮುಖ್ಯ ಕೆಲಸವಲ್ಲ’ ಎಂದು ಹೇಳುವ ಧೈರ್ಯ ನಿಮಗಿದೆಯೇ?

ಶಕ್ತಿಯ ಕತೆಗೆ ಹಿಂತಿರುಗೋಣ, ಎಲ್ಲೋ ಹೊರಟೆ. ಆ ತಂಡ ಮೂರು ರೆಕಾರ್ಡ್ ಮಾಡಿ ನಿಂತಿತು. 1978ರಲ್ಲಿ ಮೆಕ್ಲಾಫ್ಲಿನ್ ಮತ್ತೆ ಕರೆಂಟಿಗೆ ಮರಳಿದರು. ಆ ರೆಕಾರ್ಡಿನ ಹೆಸರೇ ‘ಎಲೆಕ್ಟ್ರಿಕ್ ಗಿಟಾರಿಸ್ಟ್’! ನಿಮ್ಮಂಥವರ ಚೀಟಿಗೆ ಸಹಿ ಹಾಕಿ ಕೊಟ್ಟ ಹಾಗಿದೆ. ನೀವು ಗೆದ್ದಿರಿ ಅಂತ ನಿಮ್ಮ ಗುಂಪು ಕುಣಿದಿರಬೇಕು. ಆದರೆ ಶಕ್ತಿ ಸಾಯಲಿಲ್ಲ. 1997ರಲ್ಲಿ ಬೇರೆ ಹೆಸರಿನಲ್ಲಿ ಎದ್ದು ಬಂತು. ಆಮೇಲೆ ಮ್ಯಾಂಡೊಲಿನ್ ಶ್ರೀನಿವಾಸ್ ಬಂದರು, ಶಂಕರ್ ಮಹಾದೇವನ್ ಬಂದರು. ವಿನಾಯಕರಾಂ ಜಾಗದಲ್ಲಿ ಅವರ ಮಗ ಸೆಲ್ವಗಣೇಶ್ ಖಂಜಿರ ಹಿಡಿದು ಕೂತರು. ಅಪ್ಪನ ಕುರ್ಚಿ ಮಗನಿಗೆ ಸಿಗುವಷ್ಟು ಕಾಲ ಬಾಳಿದ ‘ಪಕ್ಕದ ಕೆಲಸ’ ಇದು. ಐವತ್ತನೇ ವರ್ಷದ ನೆಪದಲ್ಲಿ 2023ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿದ್ದರು. ನೀವು ಹೋಗಲಿಲ್ಲ ಅಂತ ಕಾಣುತ್ತದೆ. 2024ರ ಫೆಬ್ರುವರಿಯಲ್ಲಿ ಅವರ ಹೊಸ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಅದೇ ವರ್ಷ ಡಿಸೆಂಬರ್ 15ಕ್ಕೆ ಜಾಕಿರ್ ಹೊರಟುಹೋದರು.

ಇನ್ನೊಂದು ಹೇಳದಿದ್ದರೆ ಸಮಾಧಾನವಿಲ್ಲ. ಗ್ರೇಟ್‌ಫುಲ್ ಡೆಡ್ ಅನ್ನೋ ಅಮೆರಿಕದ ರಾಕ್ ತಂಡದ ಡ್ರಮ್ಮರ್ ಮಿಕಿ ಹಾರ್ಟ್ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಮಾಡಿದರು. ಬರೀ ತಾಳವಾದ್ಯಗಳ ರೆಕಾರ್ಡು. ಅದರಲ್ಲೂ ಜಾಕಿರ್, ಅದರಲ್ಲೂ ವಿನಾಯಕರಾಂ. ವಿಶ್ವ ಸಂಗೀತಕ್ಕೆ ಮೊಟ್ಟಮೊದಲ ಗ್ರ್ಯಾಮಿ ಬಂದಿದ್ದು ಅದಕ್ಕೆ. ರಾಕ್ ಅಭಿಮಾನಿಗೆ ಅದೂ ಡ್ರಮ್ಮರನ ಬಿಡುವಿನ ಕಸುಬೇ. ಮಡಿಕೆಗೆ ಗ್ರ್ಯಾಮಿ ಸಿಕ್ಕಿದ್ದು ಆ ಬಿಡುವಿನಲ್ಲೇ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು. ಆರು ಜನ ಮುದುಕರು ಒಂದು ರೆಕಾರ್ಡಿನ ಬಗ್ಗೆ ಇನ್ನೂ ಜಗಳವಾಡುತ್ತೀರಿ ಅಂದರೆ ನನಗೆ ಹೊಟ್ಟೆಕಿಚ್ಚು. ನನ್ನ ಹಾಸ್ಟೆಲ್ ಗುಂಪಿನಲ್ಲಿ ಬರೋದು ಗುಡ್ ಮಾರ್ನಿಂಗ್ ಮತ್ತು ಮಂಡಿನೋವಿನ ಎಣ್ಣೆ ಮಾತ್ರ. ನಿಮ್ಮ ಆ ಇನ್ನೊಂದು ಬಣದ ಮೂವರಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಮಾತ್ರ ಈ ಭಾನುವಾರ ಒಂದು ಕೆಲಸ ಮಾಡಿ. ಆ ರೆಕಾರ್ಡಿನ ಮೊದಲನೆಯದನ್ನು ಕೇಳಿ, ಹದಿನೆಂಟು ನಿಮಿಷವಿದೆ. ಗಿಟಾರನ್ನು ಬಿಟ್ಟುಬಿಡಿ, ಅದು ಇದೆಯೆಂದೇ ಮರೆಯಿರಿ. ಮಡಿಕೆ ಎಲ್ಲಿದೆ ಅಂತಷ್ಟೇ ಹುಡುಕುತ್ತಾ ಹೋಗಿ. ಕೇಳಿ ಮುಗಿದ ಮೇಲೂ ಮೋಸ ಅನ್ನಿಸಿದರೆ ಇನ್ನೊಂದು ಕಾಗದ ಬರೆಯಿರಿ, ಅಚ್ಚು ಹಾಕುತ್ತೇನೆ.

ಹಾಂ, ಅರ್ಧ ಬೆಲೆಗೆ ಮಾರಿದೆವು ಅಂದಿರಲ್ಲ. ನನ್ನ ಹತ್ತಿರ ಇರುವ ಪ್ರತಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. ಕವರಿನ ಒಂದು ಮೂಲೆಗೆ ಚಹಾದ ಕಲೆ. ಹಿಂದುಗಡೆ ನೀಲಿ ಬಾಲ್‌ಪೆನ್ನಿನಲ್ಲಿ ‘ರೂಂ ನಂ. 34’ ಎಂದು ಬರೆದು, ಅಡಿಯಲ್ಲಿ ಬೇರೆ ಕೈಬರಹದಲ್ಲಿ ‘ದಂಡ’ ಅಂತ ಗೀಚಿದ್ದಾರೆ. ಅದನ್ನು ಇನ್ನಾರೋ ಹೊಡೆದುಹಾಕಿದ್ದಾರೆ. ನಿಮ್ಮ ರೂಂ ನಂಬರ್ ಎಷ್ಟಿತ್ತು?