ಕೊರಡೆಯೂ ಕೆನ್ನೆಯೂ

(ಡೊಂಬಿವಲಿಯ ಹಿರಿಯ ಓದುಗರೊಬ್ಬರ ಪತ್ರದ ಸಾರ: ಚುನಾವಣೆಯ ನಂತರ ತಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಎರಡು ಪಕ್ಷಗಳವರು ಒಂದೇ ಬೆಂಚಿನಲ್ಲಿ ಕೂರುತ್ತಿಲ್ಲ. ಮೂವತ್ತು ವರ್ಷದ ಗೆಳೆಯರೊಬ್ಬರೊಡನೆ ತಮಗೆ ಮಾತು ನಿಂತಿದೆ. ‘ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟುವಾಗ ಯೇಸುವೂ ಕೊರಡೆ ಹಿಡಿಯಲಿಲ್ಲವೇ?’ ಎಂದು ತರುಣರು ಕೇಳುತ್ತಾರೆ. ಅಹಿಂಸೆಯೆಂದರೆ ಬಾಯಿ ಮುಚ್ಚಿ ಕೂರುವುದೇ?)

ಮಾನ್ಯರೇ,

ಮೊದಲು ಕೊರಡೆಯ ವಿಷಯ, ಏಕೆಂದರೆ ಜಗಳಕ್ಕೆ ಆಧಾರ ಹುಡುಕುವವರೆಲ್ಲ ಕೈ ಹಾಕುವುದು ಅದಕ್ಕೇ. ನಾಲ್ಕು ಸುವಾರ್ತೆಗಳಲ್ಲಿ ಯೋಹಾನನೊಬ್ಬನೇ ಅದನ್ನು ಹೇಳುತ್ತಾನೆ. ಅಲ್ಲಿಯೂ ಕುರಿ, ಎತ್ತುಗಳನ್ನು ಹೊರಗಟ್ಟಿದ ಪ್ರಸ್ತಾಪವಿದೆಯೇ ಹೊರತು ಯಾರಿಗಾದರೂ ಗಾಯವಾಯಿತೆಂಬ ಮಾತಿಲ್ಲ. ನಿಜವಾಗಿ ಆಯುಧ ಬೀಸಿದವನು ಶಿಷ್ಯನಾದ ಪೇತ್ರ. ಯೇಸುವನ್ನು ಹಿಡಿಯಲು ಬಂದಾಗ ಗೆತ್ಸೇಮನೆ ತೋಟದಲ್ಲಿ ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದ ಅವನಿಗೆ ಸಿಕ್ಕಿದ್ದು ಶಹಬ್ಬಾಸ್‌ಗಿರಿಯಲ್ಲ, ಕತ್ತಿಯನ್ನು ಒರೆಗೆ ಸೇರಿಸೆಂಬ ಅಪ್ಪಣೆ.

ಹಾಗೆಂದು ಅಹಿಂಸೆಯನ್ನು ಮೌನದೊಡನೆ ಗಂಟು ಹಾಕುವುದನ್ನು ನಾವು ಒಪ್ಪುವುದಿಲ್ಲ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತೋರಿಸು ಎಂಬ ಯೇಸುವಿನ ಮಾತನ್ನು ಬರೆಯುವಾಗ ಮತ್ತಾಯನ ಸುವಾರ್ತೆ ‘ಬಲಗೆನ್ನೆ’ ಎಂದೇ ಹೇಳುತ್ತದೆ. ಎದುರು ನಿಂತವನು ಬಲಗೈಯಿಂದ ಬಲಗೆನ್ನೆಗೆ ಹೊಡೆಯಬೇಕಾದರೆ ಕೈಯ ಹಿಂಬದಿಯಿಂದಲೇ ಹೊಡೆಯಬೇಕು, ಅದು ಒಡೆಯನು ಆಳಿಗೆ ಕೊಡುವ ಅವಮಾನದ ಪೆಟ್ಟು ಎಂದು ಕೆಲವು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಇನ್ನೊಂದು ಕೆನ್ನೆಯನ್ನು ತೋರಿಸುವವನು ಕೈಯೆತ್ತುವುದೂ ಇಲ್ಲ, ಜಾಗ ಬಿಟ್ಟು ಓಡುವುದೂ ಇಲ್ಲ.

1956ರ ಜನವರಿ 30ರ ರಾತ್ರಿ ಅಮೆರಿಕದ ಮಾಂಟ್‌ಗೊಮರಿಯಲ್ಲಿ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದಾಗ ಒಳಗೆ ಅವರ ಹೆಂಡತಿಯೂ ಹಸುಗೂಸೂ ಇದ್ದರು. ರೊಚ್ಚಿಗೆದ್ದು ಆಯುಧಗಳೊಡನೆ ನೆರೆದ ತಮ್ಮವರನ್ನು ಅವರು ಒಡೆದ ಜಗಲಿಯಲ್ಲೇ ನಿಂತು ಸಮಾಧಾನಪಡಿಸಿ ಮನೆಗೆ ಕಳುಹಿಸಿದರು. ಆದರೆ ಬಸ್ಸುಗಳಲ್ಲಿ ಕರಿಯರನ್ನು ಬೇರೆ ಕೂರಿಸುವುದರ ವಿರುದ್ಧ ನಡೆಸುತ್ತಿದ್ದ ಬಸ್ ಬಹಿಷ್ಕಾರವನ್ನು ಬಿಡಲಿಲ್ಲ, ಅದು 381 ದಿನ ನಡೆಯಿತು. ಇದೇ ಕಿಂಗ್ ಆ ದಿನಗಳಲ್ಲಿ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದ್ದರೆಂಬುದನ್ನೂ ಮರೆಯಬಾರದು. ಅಹಿಂಸೆ ಅವರಿಗೂ ಒಂದೇ ರಾತ್ರಿಯಲ್ಲಿ ಮೈಗೂಡಲಿಲ್ಲ. 1959ರಲ್ಲಿ ಭಾರತಕ್ಕೆ ಬಂದಾಗ ಅವರು ನಮ್ಮ ಗಾಮದೇವಿಯಲ್ಲಿ ಗಾಂಧೀಜಿ ಇಳಿದುಕೊಳ್ಳುತ್ತಿದ್ದ ಮಣಿಭವನದಲ್ಲಿ ತಂಗಿದ್ದರು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಆ ಮನೆಗೆ ಮುಂಬಯಿಯ ಎಷ್ಟು ಸಭೆಗಳವರು ತಮ್ಮ ಯುವಜನರನ್ನು ಕರೆದುಕೊಂಡು ಹೋಗಿದ್ದಾರೋ!

ಇನ್ನು ಬೆಂಚಿನ ವಿಷಯ. ಹನ್ನೆರಡು ಮಂದಿ ಶಿಷ್ಯರಲ್ಲಿ ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯನಿದ್ದ. ‘ಮತಾಭಿಮಾನಿ’ ಎನಿಸಿಕೊಂಡ ಸೀಮೋನನೂ ಇದ್ದ. ಒಬ್ಬನ ಜೀವನ ಸರ್ಕಾರಕ್ಕೆ ಹಣ ಒಟ್ಟುಮಾಡುವುದರಲ್ಲಿ ನಡೆದಿತ್ತು, ಇನ್ನೊಬ್ಬನ ಅಡ್ಡಹೆಸರಿನಲ್ಲೇ ರೋಮನ್ನರ ಆಳ್ವಿಕೆಯ ಮೇಲೂ ಅಂಥವರ ಮೇಲೂ ಇದ್ದ ಸಿಟ್ಟು ಕೇಳಿಸುತ್ತದೆ ಎನ್ನುವವರಿದ್ದಾರೆ. ಇಬ್ಬರೂ ಒಂದೇ ಊಟದಲ್ಲಿ ಕೂತರು. ಅವರ ಅಭಿಪ್ರಾಯಗಳು ಒಂದಾದವೆಂದು ಸುವಾರ್ತೆಗಳಲ್ಲಿ ಎಲ್ಲಿಯೂ ಬರೆದಿಲ್ಲ, ನಿಮ್ಮ ಸಭೆಯಲ್ಲಿಯೂ ಒಂದಾಗಬೇಕಿಲ್ಲ.

ಕೊಲೆ ಮಾಡಬಾರದೆಂಬ ಆಜ್ಞೆಯನ್ನು ವಿವರಿಸುವಾಗ ಯೇಸುಸ್ವಾಮಿ ಅದನ್ನು ಸಹೋದರನನ್ನು ಹೀಯಾಳಿಸುವ ಮಾತಿನವರೆಗೂ ಎಳೆದು ತಂದಿದ್ದಾರೆ, ಅದರ ಬೆನ್ನಿಗೇ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಅವನೊಂದಿಗೆ ಒಂದಾಗು ಎಂದಿದ್ದಾರೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಮುಂದಿನ ಕರ್ತನ ಭೋಜನಕ್ಕೆ ಮೊದಲು ಆ ಗೆಳೆಯರ ಮನೆಗೆ ನೀವೇ ಹೋಗಿ ಬನ್ನಿ. ಚುನಾವಣೆಯ ಮಾತು ಬಂದರೆ ನಿಮಗೆ ಅನಿಸಿದ್ದನ್ನು ಮುಚ್ಚಿಡಬೇಕಿಲ್ಲ. ಅಂದ ಹಾಗೆ, ಪತ್ರದಲ್ಲಿ ಅವರನ್ನು ಕುರಿತು ನೀವು ಬಳಸಿದ್ದ ಒಂದು ವಿಶೇಷಣವನ್ನು ನಾವು ಅಚ್ಚಿಗೆ ಕೊಟ್ಟಿಲ್ಲ.

– ಸಂ.