ಎಂಜಿಬಿ ರೋಡ್‌ಸ್ಟರ್‌ನ ಸಿಲ್ ಕೆಲಸ: ಎರಡನೆಯ ಬದಿ ಕತ್ತರಿಸುವ ಮುನ್ನ

ದಯವಿಟ್ಟು ಎಡಗಡೆಯ ಸಿಲ್‌ಗೆ, ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆಗೆ, ಇನ್ನೂ ಗ್ರೈಂಡರ್ ಹಚ್ಚಬೇಡಿ. ಗುಂಪಿನಲ್ಲಿ ನೀವು ಹಾಕಿರುವ ಚಿತ್ರಗಳ ಪ್ರಕಾರ 1972ರ ನಿಮ್ಮ ಎಂಜಿಬಿ ರೋಡ್‌ಸ್ಟರ್ (ತೆರೆದ ಮೇಲ್ಭಾಗದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಂತಿದೆ, ಬಾಗಿಲುಗಳೆರಡೂ ಕಳಚಿ ಗೋಡೆಗೆ ಒರಗಿವೆ, ಬಲಗಡೆಯ ಹೊರ ಸಿಲ್ ಪೂರ್ತಿ ಹೋಗಿದೆ, ಎಡಗಡೆಯದರ ಮೇಲೆ ಸೀಮೆಸುಣ್ಣದ ಗೆರೆ ಬಿದ್ದಿದೆ. ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ವೆಲ್ಡಿಂಗ್ ಒಂದೇ ಸಲಕ್ಕೆ ಮುಗಿಯುತ್ತದೆ, ಒಳಗಿನ ತೂತುಗಳಿಗೆ ಫೈಬರ್‌ಗ್ಲಾಸ್ ಸಾಕು ಎಂದೂ ಬರೆದಿದ್ದೀರಿ. ಇದೇ ಲೆಕ್ಕಾಚಾರವನ್ನು ನನ್ನ ಮೊದಲ ಎಂಜಿಬಿಯ ಮೇಲೆ ಪ್ರಯೋಗಿಸಿ, ಹೊಸ ಸಿಲ್‌ಗಳ ಜೊತೆಗೆ ಎಂದೂ ಸರಿಯಾಗಿ ಮುಚ್ಚದ ಬಾಗಿಲೊಂದನ್ನು ಸಂಪಾದಿಸಿಕೊಂಡವನು ನಾನು. ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಮೊದಲು ಹೊರಬಂದ ಈ ಮಾದರಿಗೆ, ಅದರ ಹಿಂದಿನ ಎಂಜಿಎಗೆ ಇದ್ದಂತಹ ಪ್ರತ್ಯೇಕ ಚಾಸಿ (ಬಾಡಿಯ ಕೆಳಗಿನ ಚೌಕಟ್ಟು) ಇಲ್ಲ. ರೋಡ್‌ಸ್ಟರ್‌ನಲ್ಲಿ ಮೇಲ್ಛಾವಣಿಯೂ ಇಲ್ಲದ ಕಾರಣ ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ನಡುವಿನ ಬಾಗುವಿಕೆಯನ್ನೆಲ್ಲ ತಡೆಯುವುದು ಎರಡು ಸಿಲ್‌ಗಳು, ಅವುಗಳ ಜೊತೆಗೆ ಸ್ವಲ್ಪ ಮಟ್ಟಿಗೆ ಗೇರ್‌ಬಾಕ್ಸ್ ಟನಲ್ ಮತ್ತು ಫ್ಲೋರ್. ಎರಡೂ ಸಿಲ್‌ಗಳನ್ನು ಒಟ್ಟಿಗೆ ತೆಗೆಯುವುದೆಂದರೆ ಮಂಚದ ಉದ್ದನೆಯ ಪಟ್ಟಿಗಳೆರಡನ್ನೂ ಕಳಚಿ, ಕಾಲುಗಳು ಮಾತ್ರ ಇದ್ದಲ್ಲೇ ನೇರವಾಗಿ ನಿಲ್ಲಲಿ ಎಂದು ಬಯಸಿದಂತೆ. ಆಧಾರವು ತುದಿಗಳಲ್ಲಿದ್ದರೆ ನಡುಭಾಗ ಕೆಳಗೆ ಜಗ್ಗುತ್ತದೆ, ಬಾಗಿಲಿನ ಕಿಂಡಿಯ ಮೇಲ್ತುದಿ ಕಿರಿದಾಗುತ್ತದೆ, ಕೆಳತುದಿ ಅಗಲವಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ಸಿಲ್ ವೆಲ್ಡ್ ಮಾಡಿದರೆ ಆ ವಕ್ರತೆಯನ್ನೇ ಶಾಶ್ವತವಾಗಿ ಬೆಸೆದಂತಾಗುತ್ತದೆ. ಆಮೇಲೆ ಹಿಂಜ್‌ಗೆ ಎಷ್ಟು ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿದರೂ, ಬಾಗಿಲನ್ನು ಮೊಣಕಾಲಿನಿಂದ ಎಷ್ಟು ಒತ್ತಿದರೂ ಸರಿಯಾದ ಆಕಾರ ತಿರುಗಿ ಬರುವುದಿಲ್ಲ.

ನಾನು ಈಗ ಬಿಡದೆ ಅನುಸರಿಸುವ ಕ್ರಮ ಹೀಗಿದೆ. ಮೊದಲು, ಎಂಜಿನ್ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ತೀರ್ಮಾನಿಸಿ, ಮಧ್ಯದಲ್ಲಿ ಅದನ್ನು ಬದಲಿಸಬೇಡಿ. 1798 ಸಿಸಿಯ ಬಿ-ಸೀರೀಸ್ ಎಂಜಿನ್ ಎರಕದ ಕಬ್ಬಿಣದ ದೊಡ್ಡ ಭಾರ. ಅದನ್ನು ಅರ್ಧ ಕೆಲಸದಲ್ಲಿ ಎತ್ತಿದರೆ ನೀವು ತೆಗೆದ ಅಳತೆಗಳೆಲ್ಲ ವ್ಯರ್ಥ. ಸ್ಟ್ಯಾಂಡ್‌ಗಳನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಾಗ ಭಾರ ಬೀಳುವ ಜಾಗಗಳಿಗೆ, ಅಂದರೆ ಮುಂದೆ ಸಸ್ಪೆನ್ಷನ್ ಕ್ರಾಸ್‌ಮೆಂಬರ್‌ನ (ಅಡ್ಡ ತೊಲೆಯ) ಬಳಿ ಮತ್ತು ಹಿಂದೆ ಆಕ್ಸಲ್ ಅಥವಾ ಸ್ಪ್ರಿಂಗ್ ಹ್ಯಾಂಗರ್‌ಗಳ ಬಳಿ, ಆದಷ್ಟು ಹತ್ತಿರ ಇಡಿ. ಸಿಲ್‌ನ ಮೂಲ ಜ್ಯಾಕಿಂಗ್ ಪಾಯಿಂಟ್‌ಗೆ ಮಾತ್ರ ಜ್ಯಾಕ್ ಹಾಕಲೇಬೇಡಿ. ತುಕ್ಕು ಹಿಡಿದ ಸಿಲ್‌ನೊಳಗೆ ಅದು ಸೀದಾ ತೂರಿಕೊಂಡು ಹೋಗುತ್ತದೆ.

ನಂತರ ಬಾಗಿಲುಗಳನ್ನು ಮತ್ತೆ ಹಿಂಜ್‌ಗಳ ಮೇಲೆ ಕೂರಿಸಿ, ರಬ್ಬರ್ ಸೀಲ್ ಇಲ್ಲದೆ ಮುಚ್ಚಿ, ಮೇಲೆ, ನಡುವೆ ಮತ್ತು ಕೆಳಗೆ ಗ್ಯಾಪ್ ಅಳೆದು ಬಾಡಿಯ ಮೇಲೆಯೇ ಪೆನ್ನಿನಿಂದ ಬರೆದಿಡಿ. ಮೇಲಿನ ಗ್ಯಾಪ್ ಕೆಳಗಿನದಕ್ಕಿಂತ ಸ್ಪಷ್ಟವಾಗಿ ಕಿರಿದಾಗಿದ್ದರೆ ಕಾರು ಆಗಲೇ ಜಗ್ಗಿದೆ ಎಂದರ್ಥ. ಆಗ ಸೀಟಿನ ಕೆಳಗಿನ ಕ್ರಾಸ್‌ಮೆಂಬರ್‌ಗೆ ಉದ್ದನೆಯ ಮರದ ದಿಮ್ಮಿಯ ಮೂಲಕ ಜ್ಯಾಕ್ ಕೊಟ್ಟು, ಬಾಗಿಲು ಸಮನಾಗಿ ಮುಚ್ಚುವವರೆಗೆ ಒಂದೊಂದೇ ಮಿಲಿಮೀಟರ್ ಎತ್ತಬೇಕು. ಆ ಕ್ರಾಸ್‌ಮೆಂಬರ್‌ನ ತುದಿಗಳೂ ಪುಡಿಯಾಗಿದ್ದರೆ ಮೊದಲು ಅದನ್ನು ರಿಪೇರಿ ಮಾಡಿ; ಗಟ್ಟಿ ಲೋಹ ಸಿಗದ ಕಡೆ ಜ್ಯಾಕ್ ಕೊಡುವುದು ಅಪಾಯ.

ಬಾಗಿಲು ಸರಿಯಾಗಿ ಮುಚ್ಚುವ ಆ ಸ್ಥಿತಿಯಲ್ಲೇ ಬ್ರೇಸ್ ಹಾಕಬೇಕು. ನಾನು ಬಳಸುವುದು 25 ಮಿಲಿಮೀಟರ್ ಚೌಕ ಟ್ಯೂಬ್. ಅದರ ನಡುವೆ, ತಿರುಗಿಸಿದರೆ ಉದ್ದವೂ ಗಿಡ್ಡವೂ ಆಗುವ ಟರ್ನ್‌ಬಕಲ್ ಸೇರಿಸಿಕೊಂಡಿರುತ್ತೇನೆ. ಮೇಲೊಂದು, ಕರ್ಣವಾಗಿ ಒಂದು, ಹೀಗೆ ಪ್ರತಿ ಬದಿಗೆ ಎರಡು ಬ್ರೇಸ್‌ಗಳನ್ನು ಎ ಪೋಸ್ಟ್‌ನಿಂದ (ಬಾಗಿಲಿನ ಮುಂದಿನ ಕಂಬ) ಬಿ ಪೋಸ್ಟ್‌ಗೆ (ಹಿಂದಿನ ಕಂಬ) ಒಳಬದಿಯಲ್ಲಿ ಹಾಕುತ್ತೇನೆ; ಎರಡು ಬಿ ಪೋಸ್ಟ್‌ಗಳ ನಡುವೆ ಅಡ್ಡಲಾಗಿ ಇನ್ನೊಂದು. ಒಳಬದಿ ಎಂಬುದನ್ನು ಒತ್ತಿ ಹೇಳಬೇಕು. ಹಲವರು ಅನುಕೂಲವೆಂದು ಬ್ರೇಸನ್ನು ಹಿಂಜ್‌ನ ಬೋಲ್ಟ್ ತೂತುಗಳಿಗೇ ಕಟ್ಟಿಬಿಡುತ್ತಾರೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಆಮೇಲೆ ಬಾಗಿಲು ತೂಗುಹಾಕಲು ಸಾಧ್ಯವಾಗದು, ಮತ್ತು ಈ ಕೆಲಸದಲ್ಲಿ ನಂಬಬಹುದಾದ ಒಂದೇ ಅಳತೆಗೋಲು ಆ ಬಾಗಿಲು. ಟೇಪ್ ಹಿಡಿದು ಕರ್ಣ ಅಳೆಯುವುದು ಒಳ್ಳೆಯದೇ, ಆದರೆ ಬಾಗಿಲು ತೋರಿಸುವ ದೋಷವನ್ನು ಟೇಪ್ ಎಷ್ಟೋ ಸಲ ಮುಚ್ಚಿಡುತ್ತದೆ. ಸಿಲ್ ತೆಗೆದ ಮೇಲೆ, ಹೊಸದನ್ನು ಕ್ಲ್ಯಾಂಪ್ ಮಾಡಿದ ಮೇಲೆ, ನಾಲ್ಕಾರು ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿದ ಮೇಲೆ, ಪೂರ್ತಿ ವೆಲ್ಡ್ ಆದ ಮೇಲೆ, ಪ್ರತಿ ಹಂತದಲ್ಲೂ ಬಾಗಿಲು ಮುಚ್ಚಿ ನೋಡಿ. ಬೇಸರದ ಕೆಲಸವೇ, ಒಪ್ಪುತ್ತೇನೆ. ಬಾಗಿಲು ಎತ್ತಿ ಹಿಡಿಯಲು ಮನೆಯಲ್ಲಿ ಯಾರನ್ನಾದರೂ ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ನಿಮ್ಮ ಬಲಗಡೆ ಈಗಾಗಲೇ ತೆರೆದಿರುವುದರಿಂದ ನಿಮಗೆ ಕ್ರಮ ಸ್ವಲ್ಪ ಬೇರೆ. ಎಡಗಡೆಯನ್ನು ಮುಟ್ಟದೆ ಬಿಟ್ಟು, ಬಲಗಡೆಯ ಬಾಗಿಲನ್ನು ತೂಗುಹಾಕಿ ಗ್ಯಾಪ್ ನೋಡಿ. ಜಗ್ಗಿದ್ದರೆ ಗಾಬರಿ ಬೇಡ: ಒಳ ಸಿಲ್ ಇನ್ನೂ ಇದೆ, ಲೋಹ ಮಡಚಿಕೊಂಡಿಲ್ಲವಾದರೆ ಮೇಲೆ ಹೇಳಿದ ಜ್ಯಾಕ್ ಮತ್ತು ಟರ್ನ್‌ಬಕಲ್‌ನಿಂದ ಸ್ಥಾನಕ್ಕೆ ತರಬಹುದು. ಬಲಗಡೆಯ ಕೊನೆಯ ವೆಲ್ಡ್ ತಣ್ಣಗಾಗಿ, ಬಾಗಿಲು ಸರಿಯಾಗಿ ಮುಚ್ಚಿದ ಮೇಲೆಯೇ ಎಡಗಡೆಯ ಸರದಿ.

ಇನ್ನು, ನೀವು ತರಿಸಿರುವ ಕವರ್ ಸಿಲ್ (ಹಳೆಯದರ ಮೇಲೆ ಹೊದಿಸುವ ತಗಡು) ಬಗ್ಗೆ. ಎಂಜಿಬಿಯ ಸಿಲ್ ಒಂದು ತಗಡಲ್ಲ: ಹೊರ ಸಿಲ್, ಒಳ ಸಿಲ್, ಅವೆರಡರ ನಡುವೆ ಲಂಬವಾಗಿ ನಿಲ್ಲುವ ಮೆಂಬ್ರೇನ್, ಕೆಳಗೆ ಕ್ಯಾಸಲ್ ರೈಲ್, ಈ ನಾಲ್ಕೂ ಸೇರಿ ಒಂದು ಪೆಟ್ಟಿಗೆ. ಹೊರ ಸಿಲ್ ಕೂಡ ಕಣ್ಣಿಗೆ ಕಾಣುವಷ್ಟಕ್ಕೇ ಮುಗಿಯುವುದಿಲ್ಲ. ಮುಂದೆ ಫ್ರಂಟ್ ವಿಂಗ್‌ನ (ಚಕ್ರದ ಮೇಲಿನ ಮಡ್‌ಗಾರ್ಡ್) ಒಳಗೂ ಹಿಂದೆ ರಿಯರ್ ವಿಂಗ್‌ನ ಒಳಗೂ ಅದು ಚಾಚಿಕೊಂಡಿದೆ. ಕವರ್ ಸಿಲ್ ಮುಚ್ಚುವುದು ಬಾಗಿಲಿನ ಕೆಳಗೆ ಕಾಣುವ ಭಾಗವನ್ನು ಮಾತ್ರ. ಹೆಚ್ಚು ಕೊಳೆತಿರುವ ಎರಡು ತುದಿಗಳು ಹಾಗೆಯೇ ಉಳಿಯುತ್ತವೆ. ಹಳೆಯ ತುಕ್ಕಿನ ಮೇಲೆ ಹೊಸ ತಗಡು ಹೊದಿಸಿದರೆ ಎರಡರ ನಡುವಿನ ಸಂದಿಯಲ್ಲಿ ನೀರು ನಿಂತು ಹೊಸದೂ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಅದನ್ನು ಹಿಂತಿರುಗಿಸಿ. ಫ್ರಂಟ್ ವಿಂಗ್ ಬೋಲ್ಟ್‌ಗಳ ಮೇಲೆ ನಿಂತಿರುವುದರಿಂದ ಬಿಚ್ಚಬಹುದು. ವೆಲ್ಡ್ ಆಗಿರುವ ರಿಯರ್ ವಿಂಗ್‌ನ ಕೆಳಭಾಗವನ್ನು ಮಾತ್ರ ಕತ್ತರಿಸಿ, ಸಿಲ್ ಕೂರಿಸಿದ ಮೇಲೆ ರಿಪೇರಿ ತುಂಡು ಸೇರಿಸಬೇಕು. ಇದನ್ನು ತಪ್ಪಿಸುವ ಅಡ್ಡದಾರಿ ನನಗೆ ಕಂಡಿಲ್ಲ.

ಪ್ಯಾನೆಲ್‌ಗಳಲ್ಲಿ ನನ್ನ ಮೊದಲ ಆಯ್ಕೆ ಬ್ರಿಟಿಷ್ ಮೋಟಾರ್ ಹೆರಿಟೇಜ್. 1988ರಿಂದ ಎಂಜಿಬಿಯ ಪೂರ್ತಿ ಬಾಡಿಶೆಲ್‌ಗಳನ್ನೇ ಮೂಲ ಅಚ್ಚುಗಳಿಂದ ಮತ್ತೆ ತಯಾರಿಸಿದ ಸಂಸ್ಥೆ ಅದು. ಅವರ ಸಿಲ್‌ಗಳ ಮಡಿಕೆಗಳು ಇರಬೇಕಾದಲ್ಲಿ ಇರುತ್ತವೆ. ಬೆಲೆ ಹೆಚ್ಚು, ನಿಜ. ಆದರೆ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಪ್ಯಾನೆಲನ್ನು ತಟ್ಟಿ, ಎಳೆದು, ಮತ್ತೆ ಕತ್ತರಿಸಿ ಕೂರಿಸುವ ಹೊತ್ತಿಗೆ ಉಳಿದ ಹಣ ವೆಲ್ಡಿಂಗ್ ಗ್ಯಾಸಿಗೆ ಹೋಗಿರುತ್ತದೆ. ಯಾವ ತಯಾರಕರದ್ದಾದರೂ ಸರಿ, ಹಳೆಯದನ್ನು ಎಸೆಯುವ ಮುನ್ನ ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಹಳೆಯ ಸ್ಪಾಟ್ ವೆಲ್ಡ್‌ಗಳನ್ನು ಗ್ರೈಂಡರ್‌ನಿಂದ ಸೀಳುವುದಕ್ಕಿಂತ ಸ್ಪಾಟ್ ವೆಲ್ಡ್ ಡ್ರಿಲ್‌ನಿಂದ ಒಂದೊಂದಾಗಿ ಬಿಡಿಸಿದರೆ ಒಳಗಿನ ಫ್ಲ್ಯಾಂಜ್ (ಬೆಸೆಯಲೆಂದು ಮಡಿಸಿದ ಅಂಚು) ಉಳಿಯುತ್ತದೆ. ಕೊಳೆತದ್ದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ. ಕಾಗದದಂತೆ ತೆಳುವಾದ ಅಂಚಿಗೆ ವೆಲ್ಡ್ ಮಾಡಲು ಹೋದರೆ ತೂತು ದೊಡ್ಡದಾಗುತ್ತಾ ಹೋಗುತ್ತದೆ. ತುಂಡು ಪ್ಯಾಚ್‌ಗಳಿಗೆ 1 ಮಿಲಿಮೀಟರ್, ಕ್ಯಾಸಲ್ ರೈಲ್ ಮತ್ತು ಕ್ರಾಸ್‌ಮೆಂಬರ್‌ನಂತಹ ಭಾರ ಹೊರುವ ಕಡೆ 1.2 ಮಿಲಿಮೀಟರ್ ತಗಡು ನನಗೆ ಸರಿಹೊಂದಿದೆ. ಮಿಗ್ ವೆಲ್ಡರ್‌ನಲ್ಲಿ 0.6 ಮಿಲಿಮೀಟರ್ ತಂತಿ ಮತ್ತು ಆರ್ಗಾನ್ ಮಿಶ್ರಣದ ಗ್ಯಾಸ್ ಬಳಸಿ. ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಯಿಂದ ಗೇಟು ಬೆಸೆಯಬಹುದೇ ಹೊರತು ಕಾರಿನ ತೆಳು ತಗಡು ಬೆಸೆಯುವುದು ಯಾತನೆ. ಪ್ಲಗ್ ವೆಲ್ಡ್‌ಗೆ (ಮೇಲಿನ ತಗಡಿನ ತೂತು ತುಂಬಿ ಕೆಳಗಿನದಕ್ಕೆ ಬೆಸೆಯುವುದಕ್ಕೆ) 6 ಮಿಲಿಮೀಟರ್ ತೂತುಗಳನ್ನು ಸುಮಾರು 30 ಮಿಲಿಮೀಟರ್‌ಗೆ ಒಂದರಂತೆ ಕೊರೆಯಿರಿ, ಎರಡು ತಗಡುಗಳ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲದಂತೆ ಕ್ಲ್ಯಾಂಪ್ ಮಾಡಿ, ಒಂದೇ ಕಡೆ ಬಿಸಿ ಸೇರದಂತೆ ತುದಿಯಿಂದ ತುದಿಗೆ ಜಿಗಿಯುತ್ತಾ ಕೆಲಸ ಮಾಡಿ. ಅದಕ್ಕೂ ಮೊದಲು ಅದೇ ದಪ್ಪದ ಎರಡು ಚೂರುಗಳನ್ನು ಬೆಸೆದು, ವೈಸ್‌ನಲ್ಲಿ ಹಿಡಿದು ಕಿತ್ತು ನೋಡಿ. ವೆಲ್ಡ್ ಉಳಿದು ಸುತ್ತಲಿನ ತಗಡು ಹರಿಯಬೇಕು. ವೆಲ್ಡೇ ಕಳಚಿ ಬಂದರೆ ಕರೆಂಟ್ ಕಡಿಮೆಯಾಗಿದೆ.

ಫೈಬರ್‌ಗ್ಲಾಸ್ ವಿಚಾರದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಭಾರ ಹೊರುವ ಪೆಟ್ಟಿಗೆಯೊಳಗೆ ಅದಕ್ಕೆ ಜಾಗವೇ ಇಲ್ಲ. ಅದು ತಗಡಿನ ಬಲವನ್ನು ತುಂಬಿಕೊಡುವುದಿಲ್ಲ, ತುಕ್ಕಿನಿಂದ ಬಿಟ್ಟುಕೊಂಡ ಅಂಚಿನಲ್ಲಿ ನೀರು ಹಿಡಿದಿಡುತ್ತದೆ, ಪಕ್ಕದಲ್ಲಿ ವೆಲ್ಡ್ ಮಾಡುವಾಗ ಹೊತ್ತಿಕೊಳ್ಳುತ್ತದೆ. ಊರಿನ ಟಿಂಕರಿಂಗ್ ಅಂಗಡಿಯಲ್ಲಿ ಹಳೆಯ ಫಿಯಟ್‌ಗೆ ಪುಟ್ಟಿ ಮೆತ್ತಿ ವರ್ಷಗಟ್ಟಲೆ ಓಡಿಸಿದ್ದನ್ನು ಗುಂಪಿನಲ್ಲಿ ಒಬ್ಬರು ನೆನಪಿಸಿದ್ದಾರೆ. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಜೊತೆ ಆ ಉದಾಹರಣೆ ನಿಲ್ಲುವುದಿಲ್ಲ. ಮಂಗಳೂರಿನ ಕಡಲ ಗಾಳಿಯಲ್ಲಿ ಓಡಿದ ಕಾರಾಗಿದ್ದರೆ ಅವರೂ ಹಾಗೆ ಬರೆಯುತ್ತಿರಲಿಲ್ಲ. ಪುಟ್ಟಿ ಇರುವುದು ವೆಲ್ಡ್ ಮುಗಿದ ಮೇಲೆ ಒಂದೆರಡು ಮಿಲಿಮೀಟರ್ ಏರುತಗ್ಗು ಸರಿಪಡಿಸಲು, ಅದೂ ಎಪಾಕ್ಸಿ ಪ್ರೈಮರ್‌ನ ಮೇಲೆ. ನಿಮ್ಮ ಕಾರು 40 ವರ್ಷ ದಾಟಿರುವುದರಿಂದ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಬೇಕಿಲ್ಲ ಎಂಬ ವಾದವೂ ಇಲ್ಲಿ ಸಲ್ಲದು. 2018ರಿಂದ ಆ ವಿನಾಯಿತಿ ಇರುವುದು ತಪಾಸಣೆಗೆ ಮಾತ್ರ. ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾಲೀಕರದ್ದಾಗಿಯೇ ಉಳಿದಿದೆ. ತೂಕ ಹೊರುವ ಜಾಗದಲ್ಲಿ ಫೈಬರ್‌ಗ್ಲಾಸ್ ಕಂಡರೆ ತಪಾಸಣೆಯಲ್ಲಿ ಅನುತ್ತೀರ್ಣ ಮಾಡುತ್ತಾರೆ, ಅದಕ್ಕೆ ಕಾರಣವಿದೆ.

ವೆಲ್ಡಿಂಗ್ ಆರಂಭಿಸುವ ಮುನ್ನ ಸೀಟಿನ ಹಿಂದಿರುವ ಎರಡು 6 ವೋಲ್ಟ್ ಬ್ಯಾಟರಿಗಳನ್ನೂ ಹೊರತೆಗೆಯಿರಿ (ಅವುಗಳ ಪೆಟ್ಟಿಗೆಗಳೂ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು, ಆಗಲೇ ನೋಡಿಬಿಡಿ), ಆಲ್ಟರ್ನೇಟರ್‌ನ ಪ್ಲಗ್ ಕಳಚಿ, ಬೂಟ್‌ನ ಕೆಳಗಿನ ಪೆಟ್ರೋಲ್ ಟ್ಯಾಂಕನ್ನು ಗ್ಯಾರೇಜಿನಿಂದಲೇ ಆಚೆ ಇಡಿ. ಹಳೆಯ ಮಾಲೀಕರು ಸಿಲ್‌ನೊಳಗೆ ಮೇಣ ಸಿಂಪಡಿಸಿದ್ದರೆ ಅದು ಒಳಗೊಳಗೇ ಹೊತ್ತಿಕೊಂಡು ಹೊಗೆ ಮಾತ್ರ ಹೊರಬರುತ್ತದೆ. ಕೆಲಸ ನಿಲ್ಲಿಸಿದ ಮೇಲೂ ಒಂದು ಗಂಟೆಯಾದರೂ ಅಲ್ಲೇ ಇರಿ. ಎಣ್ಣೆ ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಖಂಡಿತ ಬೇಡ. ಅದರ ಶೇಷದ ಮೇಲೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಸಣ್ಣ ಬಿಡಿಭಾಗಗಳ ತುಕ್ಕನ್ನು ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹರಿಸಿ ಬಿಡಿಸುವವರಿಗೂ ಒಂದು ಎಚ್ಚರಿಕೆ: ಆನೋಡ್‌ಗೆ ಮಾಮೂಲಿ ಕಬ್ಬಿಣವೇ ಇರಲಿ, ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ.

ರಸ್ಟ್ ಕನ್ವರ್ಟರ್‌ಗಳನ್ನು (ತುಕ್ಕನ್ನು ನಿಷ್ಕ್ರಿಯಗೊಳಿಸುವ ದ್ರವಗಳನ್ನು) ಮಂತ್ರಜಲವೆಂದು ನಂಬಬೇಡಿ. ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದ ಮೇಲೆ ಗುಳಿಗಳಲ್ಲಿ ಉಳಿದದ್ದಕ್ಕೆ ಬಿಲ್ಟ್ ಹ್ಯಾಂಬರ್‌ನ ಹೈಡ್ರೇಟ್-80 ಅಥವಾ ಫರ್ಟಾನ್ ಸಾಕು. ಫರ್ಟಾನ್ ಆದರೆ ಒಂದು ದಿನ ಬಿಟ್ಟು ನೀರಿನಿಂದ ತೊಳೆಯಲೇಬೇಕು. ಪರಸ್ಪರ ಕೂರುವ ಫ್ಲ್ಯಾಂಜ್‌ಗಳಿಗೆ ವೆಲ್ಡ್‌ಥ್ರೂ ಜಿಂಕ್ ಪ್ರೈಮರ್ ತೆಳುವಾಗಿ ಹೊಡೆದು, ಪ್ಲಗ್ ತೂತಿನ ಜಾಗದಲ್ಲಿ ಮಾತ್ರ ಕೆರೆದು ತೆಗೆಯಿರಿ; ಜಿಂಕ್ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ, ಆದ್ದರಿಂದ ಮಾಸ್ಕ್ ಮತ್ತು ತೆರೆದ ಬಾಗಿಲು ಇರಲಿ.

ಇಷ್ಟೆಲ್ಲ ಮಾಡಿಯೂ ನೀರು ಬರುವ ದಾರಿ ಮುಚ್ಚದಿದ್ದರೆ ಹೊಸ ಸಿಲ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಫ್ರಂಟ್ ವಿಂಗ್‌ನ ಹಿಂಭಾಗದಲ್ಲಿ ಚಕ್ರದಿಂದ ಸಿಡಿದ ಕೆಸರನ್ನು ತಡೆಯುವ ಸ್ಪ್ಲ್ಯಾಶ್ ಪ್ಯಾನೆಲ್ ಇದೆಯಲ್ಲ, ಅದರ ರಬ್ಬರ್ ಒಣಗಿ ಬಿರಿದಾಗ ಕೆಸರು ಒಳನುಗ್ಗಿ ಸಿಲ್‌ನ ಮುಂದುದಿಯ ಮೇಲೆ ಕೂರುತ್ತದೆ. ಸಿಲ್ ಕೊಳೆಯಲು ಶುರುವಾಗುವುದೇ ಅಲ್ಲಿಂದ. ರಬ್ಬರ್ ಹೊಸದು ಹಾಕಿ. ಹೀಟರ್‌ಗೆ ಗಾಳಿ ಹೋಗುವ ಪೆಟ್ಟಿಗೆಯಿಂದ ಗೇರ್‌ಬಾಕ್ಸ್ ಟನಲ್‌ಗೆ ಇಳಿಯುವ ಡ್ರೈನ್ ಕೊಳವೆಯನ್ನೂ ನೋಡಿ. ಎಲೆ ಕಟ್ಟಿಕೊಂಡರೆ ಮಳೆನೀರು ಕಾಲಿನ ಬುಡಕ್ಕೆ ಬಂದು ಕಾರ್ಪೆಟ್‌ನ ಕೆಳಗೆ ನಿಲ್ಲುತ್ತದೆ. ಸಿಲ್‌ನ ಕೆಳಗಿನ ಡ್ರೈನ್ ತೂತುಗಳನ್ನು ಅಂಡರ್‌ಸೀಲ್‌ನಿಂದ ಮುಚ್ಚಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯಲು ಪೆಟ್ಟಿಗೆಯೊಳಗೆ ಸಿಂಪಡಿಸುವ ಮೇಣ) ಎಲ್ಲಕ್ಕಿಂತ ಕೊನೆಗೆ, ಪೇಂಟ್ ಒಣಗಿದ ಮೇಲೆ. ಮೊದಲೇ ಹೊಡೆದರೆ ಸಂದಿಗಳಿಂದ ಜಿನುಗಿ ಪೇಂಟ್ ಹಿಡಿಯದಂತೆ ಮಾಡುತ್ತದೆ. ಬಿಲ್ಟ್ ಹ್ಯಾಂಬರ್‌ನ ಡೈನಾಕ್ಸ್ ಎಸ್50 ಮತ್ತು ಡಿನಿಟ್ರಾಲ್ ಎರಡೂ ನನಗೆ ಒಪ್ಪಿಗೆಯಾಗಿವೆ. ವ್ಯಾಕ್ಸಾಯ್ಲ್ ಮನೆಯಲ್ಲಿದ್ದರೆ ಅದೂ ನಡೆಯುತ್ತದೆ, ಆದರೆ ಚಳಿಯಲ್ಲಿ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಳುವಾಗಿಸಿಕೊಳ್ಳಿ. ಸುತ್ತಲೂ ಸಿಂಪಡಿಸುವ ಉದ್ದನೆಯ ನಳಿಕೆ ಬೇಕು, ಮತ್ತು ಮೆಂಬ್ರೇನ್ ಪೆಟ್ಟಿಗೆಯನ್ನು ಎರಡು ಕೋಣೆಗಳಾಗಿ ಸೀಳಿರುವುದರಿಂದ ಎರಡರೊಳಗೂ ನಳಿಕೆ ಹೋಗಬೇಕು. ಡ್ರೈನ್ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕುವವರೆಗೆ ಹೊಡೆದು, ತೊಟ್ಟಿಕ್ಕುವುದು ನಿಂತ ಮೇಲೆ ಆ ತೂತುಗಳನ್ನು ತಂತಿಯಿಂದ ಒಮ್ಮೆ ಬಿಡಿಸಿಬಿಡಿ.